ಹಿಡಿ ಇಲ್ಲದ ನೀಲಿ ಕಪ್

ಕುದಿಯೋಕೆ ಮುಂಚೆ ನೀರು ಒಂಥರಾ ಗೊಣಗುತ್ತೆ, ಥೇಟ್ ಅಪ್ಪ ಏಳೋ ಮುಂಚೆ ಗೊಣಗೋ ಹಾಗೆ, ಎದ್ದೆ ಎದ್ದೆ ಅಂದು ಮತ್ತೆ ಮಗ್ಗಲು ಬದಲಾಯಿಸೋ ಹಾಗೆ — ಬೇಗ ಕುದಿಯೋ ಮಾರಾಯ, ಅಂತ ಗುಬ್ಬಿ ಕೆಟಲ್‌ಗೇ ಬೈತಾಳೆ, ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿಂದ ಅಡುಗೆಮನೆ ಬಾಗಿಲನ್ನ ಒತ್ತಿ ಹಿಡಿದು, ಯಾಕಂದ್ರೆ ಈ ಬಾಗಿಲಿಗೆ ಚಿಲಕ ಇಲ್ಲ, ಭಾನುವಾರದ ಟೀ ಆಗೋ ತನಕ ಯಾರೂ ಒಳಗೆ ಬರೋ ಹಾಗೂ ಇಲ್ಲ, ಅದು ರೂಲು, ರೂಲು ಮಾಡಿದ್ದು ಅವಳೇ, ಯಾವ ಟೀ ಅಂತ ಮೊದ್ಲೇ ಗೊತ್ತಾಗ್ಬಿಟ್ರೆ ಊಹೆ ಮಾಡೋದೇನು ಮಣ್ಣು. ಕಟ್ಟೆ ಮೇಲೆ ಮೂರು ಕಪ್, ಅಮ್ಮಂದು ಬಿಳಿ, ತನ್ನದು ಹಳದಿ, ಕಾಲೇಜಿನ ಚರ್ಚಾ ಸ್ಪರ್ಧೇಲಿ ಗೆದ್ದಿದ್ದು, ಆಮೇಲೆ ಅಪ್ಪನ ನೀಲಿ. ನೀಲಿಗೆ ಹಿಡಿ ಇಲ್ಲ. ಹಿಡಿ ಇದ್ದ ಜಾಗದಲ್ಲಿ ಎರಡು ಬಿಳಿ ಚುಕ್ಕೆ, ಹಲ್ಲು ಉದುರಿದ ವಸಡಿನ ಹಾಗೆ, ಮತ್ತೆ ಆ ಹಿಡಿ ಎಲ್ಲೂ ಹೋಗಿಲ್ಲ, ಇಲ್ಲೇ, ಚಮಚದ ಡ್ರಾಯರಲ್ಲಿ, ಚಮಚ ತೆಗೆದಾಗೆಲ್ಲಾ ಟಣ್ ಅನ್ನುತ್ತೆ, ಎಲ್ಲರಿಗೂ ಕೇಳಿಸುತ್ತೆ, ಯಾರೂ ಕೇಳಿಸ್ಕೊಳ್ಳಲ್ಲ. ನಮ್ಮಮ್ಮ ಹಲ್ಲು ಮಾಡ್ತಾಳೆ ಅಂತ ಹೇಳಿದ್ರೆ ಫ್ರೆಂಡ್ಸ್ ಎಲ್ಲಾ ಬಾಯಿ ಬಿಟ್ಕೊಂಡು ನೋಡ್ತಾರೆ, ಹೌದು, ಡಾಕ್ಟರ್ ಅಲ್ಲ, ಲ್ಯಾಬ್, ಕಟ್ಟಿಸ್ಕೊಳ್ಳೋ ಹಲ್ಲಿನ ಸೆಟ್ಟು ತಯಾರಾಗೋದು ಅಲ್ಲೇ, ಬೆಳಗಿಂದ ಸಂಜೆ ತನಕ ಊರೋರ ಹಲ್ಲೆಲ್ಲಾ ಅಂಟಿಸಿ ತಿಕ್ಕಿ ಹೊಳಪು ಕೊಟ್ಟು ಬರೋ ಅಮ್ಮನಿಗೆ ಒಂದು ಕಪ್ಪಿನ ಹಿಡಿ ಅಂಟಿಸೋದು ಎಷ್ಟು ಹೊತ್ತಿನ ಕೆಲಸ. ಅಂಟಿಸಲ್ಲ. ಅಪ್ಪನೂ ಬೇರೆ ಕಪ್ ಮುಟ್ಟಲ್ಲ. ಇಬ್ರೂ ಇಬ್ರೇ, ಒಬ್ರು ಮೊಂಡಾದ್ರೆ ಇನ್ನೊಬ್ರು ಜಗಮೊಂಡು.

ನಾಳೆ ಸೋಮವಾರ, ನಾಳೆ ಅಮ್ಮ ಉತ್ತರ ಕೊಡ್ಬೇಕು — ಬೇಡ, ಅದನ್ನ ಈಗ ನೆನೆಸ್ಕೊಳ್ಳಲ್ಲ, ನೀರು ನೋಡು, ಗುಳ್ಳೆ ನೋಡು — ಲ್ಯಾಬಿನವರು ಬೇರೆ ಊರಲ್ಲಿ ಬ್ರಾಂಚ್ ತೆಗೀತಿದಾರೆ, ನೀವೇ ಬಂದು ನೋಡ್ಕೋಬೇಕು ಅಂತ ಅಮ್ಮನ್ನ ಕೇಳಿದಾರೆ, ರೈಲಲ್ಲಿ ಅರ್ಧ ದಿನದ ದಾರಿ, ಆ ವಿಷಯ ಹೇಳಿದ ದಿನ ಮನೆ ತುಂಬಾ ಜನ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು, ಅಮ್ಮ ಟೀ ಬಗ್ಗಿಸ್ತಾ ಬಗ್ಗಿಸ್ತಾನೇ ಹೇಳಿದ್ಳು, ಮುಖ ಹೊಸ ಬಲ್ಬಿನ ಹಾಗೆ, ಬ್ರಾಂಚ್ ಪೂರ್ತಿ ನಂದೇ ಜವಾಬ್ದಾರಿ ಅಂತೆ, ಅಪ್ಪ ನಕ್ಕು, ಮನೆ ಕೀಲಿ ಎಲ್ಲಿಟ್ಟೆ ಅಂತ್ಲೇ ನೆನಪಿರಲ್ಲ, ಇವಳು ಬ್ರಾಂಚ್ ನೋಡ್ಕೋತಾಳಂತೆ, ಚಿಕ್ಕಪ್ಪ ನಕ್ಕ, ಎಲ್ಲರೂ ನಕ್ರು, ಥೂ, ಗುಬ್ಬಿಯೂ ನಕ್ಕಿದ್ಳು, ಸುಮ್ನೆ, ನಗು ಅಂಟುಜಾಡ್ಯ ಅಲ್ವಾ. ಅಮ್ಮ ಕೂಗಾಡ್ಲಿಲ್ಲ. ಅಪ್ಪನ ನೀಲಿ ಕಪ್ಪನ್ನ ಅವನ ಮುಂದೆ ಇಟ್ಳು, ಅಷ್ಟೇ, ಸ್ವಲ್ಪ ಜೋರಾಗಿ, ಕಪ್ ಟೇಬಲ್ ಮೇಲೆ ನಿಂತ್ಕೊಂಡ್ತು, ಹಿಡಿ ಅಮ್ಮನ ಬೆರಳಲ್ಲೇ ಉಳ್ಕೊಂಡ್ತು, ಉಂಗುರದ ಹಾಗೆ. ಮಾತಾಡಿದ್ರೆ ಹೋಯ್ತು ಮುತ್ತು ಒಡೆದ್ರೆ ಹೋಯ್ತು, ಇಲ್ಲಿ ಎರಡೂ ಒಂದೇ ಏಟಿಗೆ. ಆವತ್ತಿಂದ ಅವರಿಬ್ರೂ ಮಾತಾಡಿಲ್ಲ. ಮಾತಾಡಿಲ್ಲ ಅಂದ್ರೆ ಮಾತಾಡ್ತಾರೆ, ಗುಬ್ಬಿ ಮೂಲಕ, ನಿಮ್ಮಪ್ಪಂಗೆ ಹೇಳು ಲೈಟ್ ಬಿಲ್ ಬಂದಿದೆ, ನಿಮ್ಮಮ್ಮಂಗೆ ಹೇಳು ನೋಡಿದೀನಿ, ಒಂದೇ ಸೋಫಾದ ಆ ತುದಿ ಈ ತುದಿ, ಮಧ್ಯ ಪೋಸ್ಟಾಫೀಸು, ಅಂಚೆಪೆಟ್ಟಿಗೆಯೂ ಅವಳೇ ಪೋಸ್ಟ್‌ಮ್ಯಾನೂ ಅವಳೇ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಮಾಡಿದವರು ಒಂದ್ಸಲ ಈ ಮನೆಗೆ ಬರ್ಲಿ, ಉಂಡೂ ಆಯ್ತು ಮಲಗಿಯೂ ಆಯ್ತು, ಕೂಸು ಬಡವಾಯ್ತು ಅನ್ನೋ ಇನ್ನೊಂದು ಗಾದೆಗೆ ಜೀವಂತ ಸಾಕ್ಷಿ ಇಲ್ಲಿ ಒಂಟಿ ಕಾಲಲ್ಲಿ ನಿಂತಿದೆ. ಜಗಳ ಆಡಿದ್ರೆ ಪರ್ವಾಗಿರ್ಲಿಲ್ಲ, ಪಾತ್ರೆ ಎಸೆದಾಡಿದ್ರೂ ಪರ್ವಾಗಿರ್ಲಿಲ್ಲ, ಅವಳಿಗೆ ಬೇಕಾಗಿರೋದು ಒಂದೇ ಒಂದು ಅಕ್ಷರ, ರೀ, ಅಮ್ಮ ಬಾತ್‌ರೂಮಿಂದ ರೀ ಟವೆಲ್ ಅಂತಿದ್ದ ರೀ, ರೀ ಇಲ್ನೋಡ್ರೀ ಅಂತಿದ್ದ ರೀ, ಮನೇಲಿ ಗಡಿಯಾರ ನಿಂತ್ರೆ ಆಗುತ್ತಲ್ಲ ಹಾಗೆ, ಸದ್ದು ನಿಂತ ಮೇಲೇ ಇಷ್ಟು ದಿನ ಸದ್ದಿತ್ತು ಅಂತ ಗೊತ್ತಾಗೋದು. ಹೀಗೇ ಮಾತಿಲ್ದೇ ಅಮ್ಮ ರೈಲು ಹತ್ತಿಬಿಟ್ರೆ, ಅಲ್ಲೇ ಇದ್ದುಬಿಟ್ರೆ, ಅಷ್ಟು ದೂರದ ಪೋಸ್ಟು ತಲುಪಿಸೋದು ಹ್ಯಾಗೆ.

ಅದಕ್ಕೇ ಟೀ. ಉಪಾಯ ಹೊಳೆದದ್ದು ಬಸ್ಸಲ್ಲಿ, ಕಿಟಕಿ ಸೀಟು ಸಿಕ್ಕಿದ್ರೆ ಗುಬ್ಬಿ ತಲೆ ಜೋರಾಗಿ ಓಡುತ್ತೆ, ವಾರಕ್ಕೊಂದು ಹೊಸ ಟೀ, ಭಾನುವಾರ ಮಧ್ಯಾಹ್ನ, ಮೂರೂ ಜನ ಕೂತು ಕುಡೀಬೇಕು, ಏನು ಎಲೆ ಏನು ವಾಸನೆ ಅಂತ ಹೇಳ್ಬೇಕು, ಮಾರ್ಕ್ಸ್ ಕೊಡ್ಬೇಕು, ತಪ್ಪು ಹೇಳಿದವರು ಕಪ್ ತೊಳೀಬೇಕು. ಮೊದಲ ವಾರ ಹಸಿರು ಟೀ, ಅಪ್ಪ ಒಂದು ಗುಟುಕು ಕುಡಿದು, ಹುಲ್ಲು ಬೇಯಿಸಿದೀಯಾ, ನಾನೇನು ಎಮ್ಮೇನಾ, ಅಮ್ಮ ಗೋಡೆ ನೋಡ್ಕೊಂಡು, ನಿಮ್ಮಪ್ಪಂಗೆ ಹೇಳು ಎಮ್ಮೆಗೆ ನಾಲಿಗೆ ರುಚಿ ಇರುತ್ತೆ, ಅಪ್ಪ, ನಿಮ್ಮಮ್ಮಂಗೆ ಹೇಳು ಎಮ್ಮೆಗಳ ವಿಷಯ ಅವಳಿಗೆ ಹ್ಯಾಗೆ ಗೊತ್ತು ಅಂತ ಕೇಳಿದೆ, ಅಬ್ಬಾ, ಎರಡೂ ಕಡೆ ಓಡಿ ಓಡಿ ಅವಳ ಕತ್ತು ಉಳುಕೋ ಹಾಗಾಯ್ತು, ಆದ್ರೂ ಖುಷಿ, ಕರೆಂಟ್ ಬಿಲ್ಲಿಗಿಂತ ಎಮ್ಮೆ ವಾಸಿ. ಮಲ್ಲಿಗೆ ಟೀ ದಿನ ಅಮ್ಮ ಕಣ್ಣು ಮುಚ್ಕೊಂಡು ಕುಡಿದ್ಳು, ಅಪ್ಪ ಸೋಪಿನ ನೀರು ಅಂದ. ಪುದೀನಕ್ಕೆ ಅಮ್ಮ ಹತ್ತಕ್ಕೆ ಹತ್ತು, ಹಲ್ಲಿಗೆ ಒಳ್ಳೇದಂತೆ, ವೃತ್ತಿಧರ್ಮ. ದಾಸವಾಳದ್ದು ಕೆಂಪಗೆ ಹುಳಿ ಹುಳಿ, ಇಬ್ರ ಮುಖವೂ ಒಂದೇ ಥರ ಮುದುರಿಕೊಂಡ್ತು, ಗಂಡ ಹೆಂಡತಿ ಮುಖ ಬರ್ತಾ ಬರ್ತಾ ಒಂದೇ ಥರ ಆಗುತ್ತಂತಲ್ಲ, ಅದು ಹುಳಿ ತಿಂದಾಗ ಮಾತ್ರ ಗೊತ್ತಾಗೋದೇನೋ. ಹೋದ ವಾರ ಹುರಿದಕ್ಕಿ ಬೆರೆಸಿದ ಟೀ, ಇಬ್ರೂ ಒಂದೇ ಸಲಕ್ಕೆ ಚೆನ್ನಾಗಿದೆ ಅಂದುಬಿಟ್ರು, ಒಂದೇ ಸಲಕ್ಕೆ, ಆಮೇಲೆ ಕದ್ದು ಸಿಕ್ಕಿಬಿದ್ದವರ ಹಾಗೆ ಕಪ್ಪೊಳಗೆ ನೋಡ್ತಾ ಕೂತ್ರು, ಇನ್ನೇನು, ಇನ್ನೇನು — ಏನೂ ಇಲ್ಲ. ಆದ್ರೆ ಕಪ್ ದಾಟೋದು ಮಾತ್ರ ಅದೇ ಥರ, ಬಗ್ಗಿಸೋದು ಯಾವಾಗ್ಲೂ ಅಮ್ಮ, ತುಂಬಿದ ನೀಲಿ ಕಪ್ಪನ್ನ ಗುಬ್ಬಿ ಮುಂದೆ ಇಡ್ತಾಳೆ, ಗುಬ್ಬಿ ಅದನ್ನ ಬೆರಳ ತುದೀಲಿ ಸರಿಸಿ ಸರಿಸಿ ಅಪ್ಪನ ಕಡೆ ದೂಡ್ತಾಳೆ, ಹಿಡಿ ಇಲ್ಲ, ಸುಡುತ್ತೆ, ಟೇಬಲ್ ಮೇಲೆ ಒದ್ದೆ ಉಂಗುರ ಮೂಡ್ತಾ ಮೂಡ್ತಾ ನೀಲಿ ಕಪ್ ಪ್ರಯಾಣ ಮಾಡುತ್ತೆ.

ಕುದೀತು, ಅಂತೂ ಕುದೀತು. ಈ ವಾರದ್ದು ಕಪ್ಪಗೆ ಸುರುಟಿದ ಎಲೆ, ಪೊಟ್ಟಣ ಬಿಚ್ಚಿದ್ರೇನೇ ಮೂಗಿಗೆ ಗುದ್ದುತ್ತೆ, ಟೀ ಅಂಗಡಿ ತಾತ ಕಣ್ಣು ಮಿಟುಕಿಸಿ ಕೊಟ್ಟಿದ್ದು, ಇದನ್ನ ಪೈನ್ ಕಟ್ಟಿಗೆ ಹೊಗೇಲಿ ಒಣಗಿಸ್ತಾರಮ್ಮ, ಕುಡಿದವರು ಮರೆಯಲ್ಲ, ಅಂದ, ಗುಬ್ಬಿಗೆ ಅಷ್ಟೇ ಸಾಕು, ಮರೆಯಬಾರದು ಅನ್ನೋದೇ ಅವಳಿಗೆ ಬೇಕಾಗಿದ್ದು, ಟೀಪಾಟಿಗೆ ಹಿಡಿ ತುಂಬಾ ಹಾಕಿದ್ಳು, ಇನ್ನೊಂದು ಹಿಡಿ ಇರ್ಲಿ ಅಂತ ಹಾಕಿದ್ಳು, ಕುದಿಯೋ ನೀರು ಸುರಿದ್ಳು — ಅಮ್ಮಮ್ಮಾ, ಏನು ಘಾಟು, ತಣ್ಣಗಾದ ಒಲೆ, ಸುಟ್ಟ ಹಗ್ಗ, ಅಪ್ಪನ ಯೂನಿಫಾರ್ಮು, ಹೌದು ಥೇಟ್ ಅಪ್ಪ ಡ್ಯೂಟಿ ಮುಗಿಸಿ ಬಂದಾಗ ಯೂನಿಫಾರ್ಮಿಂದ ಬರೋ ವಾಸನೆ, ಚಿಕ್ಕೋಳಿದ್ದಾಗ ಅದರಲ್ಲೇ ಮುಖ ಹುದುಗಿಸ್ಕೊಂಡು, ಎಲ್ಲಿ ಬೆಂಕಿ ಬಿದ್ದಿತ್ತಪ್ಪಾ ಅಂತ — ಅಯ್ಯೋ. ಅಪ್ಪ. ಅಪ್ಪ ಫೈರ್ ಸ್ಟೇಷನ್ನಲ್ಲಿ ಕೆಲಸ ಮಾಡೋದು, ಅಪ್ಪ ಆಚೆ ಸೋಫಾ ಮೇಲೆ ಮಲಗಿರೋದು, ಈ ಬಾಗಿಲ ಕೆಳಗೆ ಎರಡು ಬೆರಳು ಸಂದಿ ಇರೋದು, ಇಷ್ಟೂ ಗೊತ್ತಿದ್ದು ಬೆಂಕಿ ಆರಿಸೋನ ಮನೇಲಿ ಹೊಗೆ ಕುದಿಸಿದ ಮಗಳು ಪ್ರಪಂಚದಲ್ಲಿ ಇವಳೊಬ್ಳೇ ಇರ್ಬೇಕು, ಮುಚ್ಚಳ, ಮುಚ್ಚಳ ಎಲ್ಲಿ, ಡ್ರಾಯರ್ ಎಳೆದ್ರೆ ಟಣ್, ಅಷ್ಟರಲ್ಲಿ ಆಚೆ ಸೋಫಾ ಕಿರ್ ಅಂತು. ಆಮೇಲೆ ನಲ್ಲಿ ತಿರುಗಿಸಿದ ಸದ್ದು. ಆಮೇಲೆ ಬಾಗಿಲಿಗೆ ಏನೋ ಮೆತ್ತಗೆ ತಾಗಿದ ಸದ್ದು, ಅವಳಿಗೆ ಗೊತ್ತು ಅದೇನು ಅಂತ, ಅಂಗೈ ಅಲ್ಲ, ಕೈ ಹಿಂಭಾಗ, ಬೆಂಕಿ ಇರೋ ಕೋಣೆ ಬಾಗಿಲನ್ನ ಮೊದ್ಲು ಹಾಗೇ ಮುಟ್ಟಿ ನೋಡ್ಬೇಕು, ಬಿಸಿ ಇದ್ರೆ ತೆಗೀಬಾರ್ದು, ಅಪ್ಪ ಊಟಕ್ಕೆ ಕೂತಾಗೆಲ್ಲಾ ಹೇಳೋ ಪಾಠ, ಬಾಗಿಲು ತಣ್ಣಗಿತ್ತು ಅನ್ಸುತ್ತೆ, ಧಡಾರ್, ಗುಬ್ಬಿ ಒಂದು ಕಡೆ ಅವಳ ಚಪ್ಪಲಿ ಒಂದು ಕಡೆ, ಅಪ್ಪ ಬನಿಯನ್ನಲ್ಲಿ, ಮೂಗಿಗೆ ಒದ್ದೆ ಟವೆಲ್, ಅರ್ಧ ಬಗ್ಗಿ, ಮಂಡಿ ಮೇಲೆ, ಹಿಂದೆಯೇ ಅಮ್ಮ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದವಳು, ರೀ ಗ್ಯಾಸ್, ಮೊದ್ಲು ಗ್ಯಾಸ್ ಆಫ್ ಮಾಡ್ರೀ, ಲೇ ಇವಳೇ ನೀನು ಬಗ್ಗು, ಹೊಗೆ ಮೇಲೆ ಹೋಗುತ್ತೆ ಬಗ್ಗೇ, ನಾನ್ಯಾಕ್ರೀ ಬಗ್ಲಿ, ಹೊಗೇನೇ ಕಾಣ್ತಿಲ್ಲ, ಕಾಣದಿರೋ ಹೊಗೇನೇ ಡೇಂಜರ್ ಕಣೇ, ಮಗು ಎಲ್ಲಿ, ಮಗು ಇಲ್ಲೇ ಇದೆ ನೋಡ್ರೀ, ಕಿಟಕಿ ತೆಗಿ, ನೀವೇ ಅಡ್ಡ ಕೂತಿದೀರಲ್ಲಾ ಏಳ್ರೀ — ಒದ್ದೆ ಟವೆಲ್ ಹಾರಿ ಬಂದು ಟೀಪಾಟ್ ಮೇಲೆ ಬಿತ್ತು, ನೀಟಾಗಿ, ಟೋಪಿ ಹಾಕಿದ ಹಾಗೆ. ಅಪ್ಪಾ, ಅದು ಟೀ. ಏನು. ಟೀ ಅಪ್ಪಾ, ಹೊಗೆ ಹಾಕಿದ ಟೀ. ಬೆಂಕಿ ಇಲ್ದೆ ಹೊಗೆಯಾಡಲ್ಲ ಅಂತ ಎಷ್ಟು ಜನಕ್ಕೆ ಪಾಠ ಮಾಡಿದಾನೋ ಅಪ್ಪ, ಟವೆಲ್ ಎತ್ತಿ ನೋಡ್ದ, ಮೂಸಿದ, ಮಂಡಿ ಮೇಲೆ ಹಾಗೇ ಕೂತ. ಮೊದ್ಲು ಅಮ್ಮನ ಮೂಗಿಂದ ಒಂದು ಸದ್ದು ಬಂತು, ಆಮೇಲೆ ಅಮ್ಮ ಗೋಡೆ ಹಿಡ್ಕೊಂಡ್ಳು, ಆಮೇಲೆ ಕೆಳಗೇ ಕೂತ್ಬಿಟ್ಳು, ಸರ್ವೀಸಿಗೆ ಸೇರಿ ಎಷ್ಟು ವರ್ಷ ಆಯ್ತ್ರೀ ನಿಮಗೆ, ಟೀಪಾಟ್‌ನ ಬದುಕಿಸಿದ್ರಲ್ಲಾ, ಅಪ್ಪ, ಹೊಗೆ ಕುಡಿಯೋ ಜನಾನೂ ಇದಾರೇನೋ ಗುಬ್ಬಿ ಪ್ರಪಂಚದಲ್ಲಿ, ಅಂತ ಅವನೂ ನಕ್ಕ. ಗುಬ್ಬಿ ಮಾತ್ರ ಉಸಿರು ಬಿಡ್ಲಿಲ್ಲ. ಎಷ್ಟು ರೀ ಬಂತು, ಎಣಿಸೋಕೇ ಆಗ್ಲಿಲ್ಲ, ಸುರಿದುಬಿಡ್ತು, ಇನ್ನು ನಗು ನಿಂತು ಇಬ್ರಿಗೂ ನೆನಪಾಗುತ್ತೆ, ಈಗ ನೆನಪಾಗುತ್ತೆ, ದೇವ್ರೇ ಇನ್ನೊಂದು ಸ್ವಲ್ಪ ಹೊತ್ತು — ನಿಮ್ಮಪ್ಪಂಗೆ ಹೇಳು ಟವೆಲ್ ಎತ್ಕೊಳ್ಳೋಕೆ, ಅಮ್ಮ ಎದ್ದು ಕುರ್ತಾ ಕೊಡವಿದ್ಳು. ಹೋಯ್ತು. ನೆನಪಾಯ್ತು.

ಟೇಬಲ್. ಮೂರು ಕುರ್ಚಿ, ಕಿಟಕಿ ತೆಗೆದೇ ಇದೆ, ಕೆಳಗೆ ಬೀದೀಲಿ ಯಾರೋ ಸೈಕಲ್ ಬೆಲ್ ಹೊಡೀತಾನೇ ಇದಾರೆ, ಅಮ್ಮ ಬಗ್ಗಿಸ್ತಾಳೆ, ಬಿಳಿ, ಹಳದಿ, ನೀಲಿ, ನೀಲಿ ಬಂದು ಗುಬ್ಬಿ ಮುಂದೆ ನಿಲ್ಲುತ್ತೆ, ಗುಬ್ಬಿ ದೂಡ್ತಾಳೆ, ಒದ್ದೆ ಉಂಗುರ, ಇನ್ನೊಂದು ಒದ್ದೆ ಉಂಗುರ, ಕಣ್ಣಲ್ಲಿ ನೀರು ಬರ್ತಿದೆ, ಹೊಗೆ ಅಂತ ಹೇಳಿದ್ರಾಯ್ತು, ಇವತ್ತು ಹೊಗೆ ಅನ್ನೋಕೆ ಒಂದು ಕಾರಣನಾದ್ರೂ ಇದೆ. ಅಪ್ಪ ಒಂದು ಗುಟುಕು ಕುಡಿದ. ನುಂಗಲಿಲ್ಲ, ಬಾಯಲ್ಲೇ ಇಟ್ಕೊಂಡ. ನುಂಗಿದ. ನಿಮ್ಮಮ್ಮಂಗೆ ಹೇಳು, ಅಂದ, ಗುಬ್ಬಿ ಕತ್ತು ಅಭ್ಯಾಸಬಲದಿಂದ ಅಮ್ಮನ ಕಡೆ ತಿರುಗೇಬಿಡ್ತು, ಏನು ಹೇಳ್ಲಪ್ಪಾ, ಸೈಕಲ್ ಬೆಲ್ಲು, ಏನು ಹೇಳ್ಬೇಕು — ಬಿಡು, ಅಂದ ಅಪ್ಪ, ನೀನು ಟೀ ಕುಡಿ ಗುಬ್ಬಿ. ನಾಳೆ ಏನು ಹೇಳ್ತೀಯ ಅವರಿಗೆ. ಯಾರನ್ನ ಕೇಳ್ತಿದಾನೆ, ಅವಳನ್ನಲ್ಲ, ಕಣ್ಣು ಅವಳನ್ನ ದಾಟಿ ಹೋಗಿದೆ. ಹೋಗ್ತೀನಿ ಅಂತ ಹೇಳ್ತೀನಿ, ಅಮ್ಮ ಅಂದ್ಳು, ಗೋಡೆಗಲ್ಲ. ಹ್ಞೂಂ. ಹೋಗು. ನಿನ್ನಿಂದ ಆಗುತ್ತೆ, ಆವತ್ತೂ ಗೊತ್ತಿತ್ತು ನಂಗೆ. ಮತ್ತೆ ಅಷ್ಟು ಜನರ ಮುಂದೆ ಹಂಗ್ಯಾಕಂದ್ರಿ. ಅಪ್ಪ ನೀಲಿ ಕಪ್ಪಿನ ಎರಡು ಬಿಳಿ ಚುಕ್ಕೆ ಮೇಲೆ ಹೆಬ್ಬೆರಳು ಉಜ್ಜಿದ, ನೀನಿಲ್ದೆ ನನ್ನಿಂದ ಆಗಲ್ಲ ಅಂತ ಅಷ್ಟು ಜನರ ಮುಂದೆ ಹ್ಯಾಗೆ ಹೇಳ್ಲಿ, ಅಂದ, ಅದರ ಬದಲು ಬಾಯಿಗೆ ಆ ಕೀಲಿ ಮಾತು ಬಂತು. ಗುಬ್ಬಿ ಹಳದಿ ಕಪ್ಪಿನ ಹಿಂದೆ ಆದಷ್ಟು ಚಿಕ್ಕದಾದ್ಳು, ಇಲ್ಲ, ಅವಳು ಇಲ್ಲಿಲ್ಲ, ಪೋಸ್ಟಾಫೀಸಿಗೆ ಇವತ್ತು ರಜ, ಭಾನುವಾರ ಅಲ್ವಾ, ಭಾನುವಾರ ಪೋಸ್ಟಾಫೀಸಿಗೆ ರಜ ಇರುತ್ತೆ, ಇಷ್ಟು ದಿನ ಓವರ್‌ಟೈಮ್ ಮಾಡಿದಾಳೆ. ಅಪ್ಪ ಕಪ್ ಖಾಲಿ ಮಾಡಿ ಮುಖ ಕಿವುಚಿದ, ಥೂ, ಬೆಂಕಿ ಬಿದ್ದ ಗೋಡೌನ್ ತೊಳೆದ ನೀರು, ಭಾನುವಾರ ಬರ್ತೀಯ ತಾನೆ, ಅಂದ. ಯಾವ ಭಾನುವಾರ. ಯಾವ್ದಾದ್ರೂ. ಟೀಗೆ. ಗೋಡೌನ್ ನೀರು ಅಂತೀರಾ, ಬಟ್ಲು ಬರಿದು ಮಾಡಿದೀರಾ, ಅಮ್ಮ ಟೀಪಾಟ್ ಎತ್ಕೊಂಡ್ಳು, ಬರ್ದೆ ಇನ್ನೇನು, ಈ ಟೀ ಕುಡಿಯೋ ಕೆಲಸನ ಗುಬ್ಬಿ ಒಬ್ಳ ತಲೆಗೆ ಕಟ್ಟೋಕಾಗುತ್ತಾ, ಕಪ್ ಇಲ್ಲಿ ಕೊಡಿ. ಗುಬ್ಬಿ ಕೈ ಚಾಚಿತ್ತು ಆಗ್ಲೇ, ದೂಡೋಕೆ, ಅಭ್ಯಾಸ, ಕೈ ಗಾಳೀಲೇ ನಿಲ್ತು, ಅಪ್ಪನೇ ಕಪ್ಪನ್ನ ಚಾಚಿದ, ಅಮ್ಮ ಬಗ್ಗಿ ತುಂಬಿಸಿದ್ಳು, ಅಂಚಿನ ತನಕ, ಹೊಗೆಯ ಹಬೆ, ಅಯ್ಯೋ ಸುಡುತ್ತೆ ರೀ, ಹಿಡಿ ಇಲ್ಲ ಅದಕ್ಕೆ, ಗೊತ್ತು ಕಣೇ, ಅಮ್ಮ ಕುರ್ತಾ ತೋಳನ್ನ ಬೆರಳ ತನಕ ಎಳ್ಕೊಂಡು ತಳಕ್ಕೆ ಕೈ ಕೊಟ್ಳು, ಅಪ್ಪನ ಬೆರಳು ಅಂಚಲ್ಲಿ, ಬಿಟ್ರೆ ಚೆಲ್ಲುತ್ತೆ, ಅಮ್ಮ ಬಿಡ್ಲಿಲ್ಲ, ಅಪ್ಪ ಬಿಡ್ಲಿಲ್ಲ, ಟೇಬಲ್ ಮೇಲೆ ಒದ್ದೆ ಉಂಗುರ ಇಲ್ಲ, ಕಪ್ ಟೇಬಲ್ ಮೇಲೇ ಇಲ್ಲ, ಮಧ್ಯ ಗಾಳೀಲಿ, ಎರಡು ಕೈಯಲ್ಲಿ, ನೀಲಿ, ತುಂಬಿದ, ಹಿಡಿ ಇಲ್ಲದ ನೀಲಿ ಕಪ್ —