ಕನ್ನಡಿ ಕೇಕಿಗೆ ಕಟ್ಟಿದ ಮಂಜು

ದೊಡ್ಡಕ್ಕನ ಬಾಯಿಂದ ಹೊಗಳಿಕೆ ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. ಕನ್ನಡಿ ಅಂಗಡಿ ಇಟ್ಟಿದ್ದ ಆಕೆಯ ತಮ್ಮನ ಹೆಂಡತಿಗೆ ಅದು ಚೆನ್ನಾಗಿ ಗೊತ್ತಿತ್ತು. ಈ ಮನೆಗೆ ಬಂದಂದಿನಿಂದ ಅವಳ ಕೈರುಚಿಗೆ ಸಿಕ್ಕ ಅತಿದೊಡ್ಡ ಬಿರುದು "ಪರವಾಗಿಲ್ಲ". ಅದೂ ಜ್ವರ ಬಂದು ದೊಡ್ಡಕ್ಕನ ನಾಲಿಗೆ ಕೆಟ್ಟಿದ್ದಾಗ.

ಈ ಸಲ ದೊಡ್ಡಕ್ಕನ ಹುಟ್ಟುಹಬ್ಬಕ್ಕೆ ಕನ್ನಡಿಯಂತೆ ಹೊಳೆಯುವ ಲೇಪದ ಮಿರರ್ ಗ್ಲೇಜ್ ಕೇಕ್ ಮಾಡಿ, ಆ ಬಾಯಿಂದಲೇ ಒಂದು ಒಳ್ಳೆ ಮಾತು ಆಡಿಸುತ್ತೇನೆಂದು ಅವಳು ಹಟ ತೊಟ್ಟಳು. ಮೊದಲ ಸಲ ಗ್ಲೇಜ್ ಬಿಸಿ ಹೆಚ್ಚಾಗಿ ಕೇಕಿನ ಮೇಲಿಂದ ಜಾರಿ ತಟ್ಟೆ ಸೇರಿತು. ಎರಡನೆಯದು ತಣ್ಣಗಾಗಿ ಗಂಟುಕಟ್ಟಿತು. ಗಂಡ ಎರಡನ್ನೂ ಕಮಕ್ ಕಿಮಕ್ ಎನ್ನದೆ ತಿಂದ. ಮೂರನೆಯ ಸಲ ಜೆಲಟಿನ್, ಸಕ್ಕರೆ ಪಾಕ, ಚಾಕೊಲೇಟು ಎಲ್ಲ ಹದವಾಗಿ ಕೂಡಿದವು. ಫ್ರೀಜರಿನಿಂದ ತೆಗೆದ ಕೇಕಿನ ಮೇಲೆ ಸುರಿದಳು. ಕಪ್ಪು ಮೈಯಲ್ಲಿ ಟ್ಯೂಬ್‌ಲೈಟು, ಕಿಟಕಿ, ತನ್ನ ಬೆವರಿದ ಮುಖ ಎಲ್ಲ ಕಂಡವು. ಖುಷಿಗೆ ಕಣ್ಣು ತುಂಬಿ ಬಂತು. ಯಾರೂ ಮುಟ್ಟಕೂಡದೆಂದು ಗಂಡನಿಗೆ ತಾಕೀತು ಮಾಡಿ ಸೀರೆ ಬದಲಿಸಲು ಹೋದಳು.

ಅಡುಗೆಮನೆಯ ಸೆಕೆಗೆ ತಣ್ಣನೆಯ ಕೇಕಿನ ಮೇಲೆ ತೆಳುವಾಗಿ ಮಂಜು ಕಟ್ಟಿತು. ಮಬ್ಬಾದ ಕನ್ನಡಿ ಕಂಡರೆ ಸುಮ್ಮನಿರುವ ಜಾಯಮಾನ ಗಂಡನದಲ್ಲ. ಹಳೆ ಪೇಪರು ಮಡಚಿ, ಅಂಗಡಿಯಲ್ಲಿ ಮಾಡುವಂತೆ, ಮೂಲೆಯಿಂದ ಮೂಲೆಗೆ ಒಂದೇ ಎಳೆತ ಎಳೆದ.

ದೊಡ್ಡಕ್ಕ ಬಂದಾಗ ನಡುವೆ ಗ್ಲೇಜ್ ಕಿತ್ತುಹೋಗಿ ಕೇಕಿನ ಒಳಗಿನ ಸ್ಪಂಜು ಇಣುಕುತ್ತಿತ್ತು, ಅಂಚಿಗೆ ಪೇಪರಿನ ಚೂರು ಅಂಟಿತ್ತು. ಹೆಂಡತಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಗಂಡ ತಲೆ ತಗ್ಗಿಸಿ, ಮಬ್ಬಾಗಿತ್ತು, ಒರೆಸಿದೆ ಎಂದು ಒಪ್ಪಿಕೊಂಡ.

ದೊಡ್ಡಕ್ಕ ಕೇಕನ್ನು ನೋಡಿದಳು, ತಮ್ಮನನ್ನು ನೋಡಿದಳು. ಆಮೇಲೆ ತಮ್ಮನ ಹೆಂಡತಿಯ ಕೈ ಹಿಡಿದು, "ಇಂಥ ಪೆದ್ದನ್ನ ಕಟ್ಕೊಂಡು ಇಷ್ಟು ವರ್ಷ ಸಂಸಾರ ತೂಗಿಸಿದೀಯಲ್ಲ, ನಿನ್ನ ಮೆಚ್ಚಬೇಕು ಕಣೆ," ಎಂದಳು.

ಮೆಚ್ಚುಗೆ! ಅದೂ ದೊಡ್ಡಕ್ಕನ ಬಾಯಲ್ಲಿ, ಸ್ಪಷ್ಟವಾಗಿ. ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಗಂಡನ ಬಾಡಿದ ಮುಖ ನೋಡಿ ಅವನ ಪರ ವಹಿಸಿಕೊಂಡಳು.

"ಪೆದ್ದು ಅನ್ಬೇಡಿ ಅಕ್ಕ. ಅವರ ಕೈ ಒಂದು ಚೂರು ಮಬ್ಬು ಉಳಿಸಲ್ಲ. ಈ ಊರಲ್ಲಿ ಅವರಷ್ಟು ಚೆನ್ನಾಗಿ ಕನ್ನಡಿ ಒರೆಸೋರು ಇನ್ನೊಬ್ಬರಿಲ್ಲ."

ದೊಡ್ಡಕ್ಕ ಹಿಡಿದ ಕೈ ಬಿಟ್ಟು ಯೋಚಿಸಿದಳು. ತಮ್ಮನನ್ನು ಯಾರಾದರೂ ಹೊಗಳಿದರೆ ಆಕೆಗೂ ಇಷ್ಟವೇ.

"ಅದೂ ನಿಜ," ಎಂದಳು. "ಹಾಗಾದ್ರೆ ತಪ್ಪು ಅವನದಲ್ಲ. ಮಂಜು ಕಟ್ಟೋ ಹಾಗೆ ನೀನ್ಯಾಕೆ ಮಾಡಿದೆ?"

ಗಂಡ, ಪಾಪ, ಹೌದೆಂದು ತಲೆಯಾಡಿಸಿದ.