ಹನ್ನೊಂದು ಸೆಕೆಂಡಿನ ದನಿ

ತೀರಿಕೊಂಡ ಮೇಲೆ ನನ್ನ ಗಂಡ ಅಸಿಯಾಮಾ ತನ್ನ ತಾಯಿಯ ಕುಲದವರ ಪಾಲಾದ. ನಮ್ಮಲ್ಲಿ ಹಾಗೆಯೇ. ಶವಪೆಟ್ಟಿಗೆಯ ಬಣ್ಣ, ಮಣ್ಣು ಮಾಡುವ ದಿನ, ಬಂದವರ ಊಟ, ಎಲ್ಲವನ್ನೂ ಅವರೇ ಗೊತ್ತುಮಾಡಿದರು. ಮೂರು ವರ್ಷ ಅವನ ಹೆಂಡತಿಯಾಗಿದ್ದ ನನ್ನನ್ನು ಕೇಳಿದ್ದು ಮದುವೆಯ ಫೋಟೊಗಳನ್ನು ಮಾತ್ರ.

ಅವನ ತಂಗಿ ಬಿರಾಗೊ ಲ್ಯಾಪ್‌ಟಾಪಿನಲ್ಲಿ ಫೋಟೊಗಳನ್ನು ಜೋಡಿಸುತ್ತಿದ್ದಳು. ಶನಿವಾರ, ಮಣ್ಣು ಮಾಡುವ ದಿನ, ನಮ್ಮ ಕುಮಾಸಿ ಊರಿನ ಶಾಲೆ ಮೈದಾನದಲ್ಲಿ, ಶಾಮಿಯಾನಗಳ ನಡುವೆ, ದೊಡ್ಡ ಪರದೆಯ ಮೇಲೆ ಅವು ಓಡಬೇಕಿತ್ತು.

"ಮಕ್ಳೂ ಮಾಡ್ಬಹುದು ಅತ್ತಿಗೆ. ಫೋಟೊ ಇಲ್ಲಿ ಸುರಿ, ಹಾಡು ಅಲ್ಲಿ ಹಾಕು, ಈ ಗುಂಡಿ ಒತ್ತು. ಹಾಡು ಎಷ್ಟುದ್ದ ಇದ್ಯೋ ಅಷ್ಟಕ್ಕೆ ಫೋಟೊಗಳನ್ನ ಅದೇ ಹಂಚ್ಕೊಳ್ಳತ್ತೆ."

"ಯಾವ ಹಾಡು?"

"ಡುಫಿಯೆ ಕಳಿಸಿದಾಳೆ. ಅಣ್ಣಂದೇ ದನಿ! ಚರ್ಚಲ್ಲಿ ಅಭ್ಯಾಸ ಮಾಡ್ವಾಗ ಹಾಡಿದ್ದಂತೆ. ನಾಲ್ಕು ನಿಮಿಷ. ನಿಂಗೇ ಗೊತ್ತಿರ್ಲಿಲ್ಲ ಅಲ್ವಾ?"

ಗೊತ್ತಿರಲಿಲ್ಲ. ಡುಫಿಯೆ ಹಾಡುವ ತಂಡದಲ್ಲಿ ಅವನ ಪಕ್ಕ ನಿಲ್ಲುತ್ತಿದ್ದವಳು, ಪ್ರತಿ ಗುರುವಾರ. ಮನೆಯಲ್ಲಿ ಅವನು ನನಗೆಂದು ಒಂದು ಸಾಲನ್ನೂ ಹಾಡಿರಲಿಲ್ಲ. ನಲವತ್ತನಾಲ್ಕು ಫೋಟೊಗಳಲ್ಲಿ ಅವಳು ಏಳರಲ್ಲಿದ್ದಳು, ನಾನು ಐದರಲ್ಲಿ. ಎರಡು ಸಲ ಎಣಿಸಿದೆ.

ನನ್ನ ಫೋನಿನಲ್ಲಿ ಉಳಿದಿದ್ದ ಅವನ ದನಿ ಹನ್ನೊಂದು ಸೆಕೆಂಡು. "ಫೊಸುವಾ, ಸಾರು ಸೀದೋಯ್ತು ಕಣೇ. ಬೈಬೇಡ. ಬರ್ತಾ ಕೆಂಕೆ ಕಡುಬು ತಗೊಂಡ್ಬಾ, ಎರಡು. ಅಲ್ಲ, ನಿಂಗೂ ಹಸಿವಿರತ್ತೆ... ಮೂರು ತಾ."

ಶುಕ್ರವಾರ ಮಧ್ಯಾಹ್ನ ಬಿರಾಗೊ ಕಪ್ಪು ಬಟ್ಟೆ ತರಲು ದರ್ಜಿಯ ಬಳಿ ಹೋದಳು. ನಾನು ಹಾಡನ್ನು ತೆಗೆದು ನನ್ನ ಫೋನಿನಲ್ಲಿದ್ದ ಅವನ ದನಿಯನ್ನು ಹಾಕಿದೆ. ಅವರೆಲ್ಲರ ಎದುರು ಒಂದು ಸಲ ಅವನು ನನ್ನವನಾಗಬೇಕಿತ್ತು, ಅಷ್ಟೆ. ಗುಂಡಿ ಒತ್ತಿದೆ. ಗೇಟಿನ ಸದ್ದಾಯಿತು. ಓಡಿಸಿ ನೋಡಲು ಆಗಲಿಲ್ಲ.

ಶನಿವಾರ ಪರದೆ ಬೆಳಗಿತು. "ಫೊಸುವಾ, ಸಾರು ಸೀದೋಯ್ತು ಕಣೇ..."

ಅದರ ಜೊತೆಗೇ ಫೋಟೊಗಳು ಇಸ್ಪೀಟು ಕಲಸಿದ ಹಾಗೆ ಹಾರಿದವು. ಸೆಕೆಂಡಿಗೆ ನಾಲ್ಕು. ಶಾಲೆಯ ಅಂಗಿ, ಮೊದಲ ಬೈಕು, ಮದುವೆ, ಡುಫಿಯೆ, ನಾನು. ಯಾರ ಮುಖವೂ ನಿಲ್ಲಲಿಲ್ಲ. "ಮೂರು ತಾ" ಎನ್ನುವಷ್ಟರಲ್ಲಿ ಅವನ ಮೂವತ್ತನಾಲ್ಕು ವರ್ಷ ಮುಗಿದು ಪರದೆ ಕಪ್ಪಾಯಿತು.

ಆಮೇಲೆ ಅವನ ಸೋದರಮಾವ ಎದ್ದು ನಿಂತ.

"ಹೋದ್ಮೇಲೂ ಹೊಟ್ಟೇದೇ ಚಿಂತೆ ನೋಡ್ರೋ ಇವನಿಗೆ!"

ಶಾಮಿಯಾನ ಪೂರ್ತಿ ನಕ್ಕಿತು.

"ಇನ್ನೊಂದ್ಸಲ ಹಾಕಿ!"

ಹಾಕಿದರು. ಮತ್ತೊಮ್ಮೆ ಹಾಕಿದರು. ಮೂರನೆಯ ಸಲ ಹಿಂದಿನ ಸಾಲಿನ ಹೆಂಗಸರು ಅವನ ಜೊತೆಗೇ ಹೇಳಿದರು. ನನ್ನ ಹೆಸರನ್ನು ಅವನು ಎಳೆದು ಕರೆಯುತ್ತಿದ್ದ ರೀತಿ ಅಷ್ಟು ಜನಕ್ಕೆ ಬಾಯಿಪಾಠವಾಗಿತ್ತು. ಆ ಬೆಳಿಗ್ಗೆಯವರೆಗೂ ಅದು ನನ್ನೊಬ್ಬಳ ಬಳಿಯಿತ್ತು.

ಬಿರಾಗೊ ನನ್ನನ್ನು ನೋಡಿದಳು.

ಡುಫಿಯೆ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಕಣ್ಣು ಊದಿದ್ದವು.

"ಅದನ್ನ ನಂಗೂ ಕಳಿಸ್ತೀಯಾ ಅಕ್ಕ?"

"ನಿನ್ನ ಹತ್ರ ನಾಲ್ಕು ನಿಮಿಷ ಇದ್ಯಲ್ಲ."

"ಇದೆ. ಅದ್ರಲ್ಲಿ ನನ್ನ ಹೆಸರಿಲ್ಲ."

ನಾನು ಫೋನನ್ನು ಮಡಿಲಿನಲ್ಲಿ ಬೋರಲು ಹಾಕಿದೆ.

"ಚಾರ್ಜ್ ಇಲ್ಲ ಕಣೇ," ಎಂದೆ.

ಅರವತ್ತೆರಡು ಪರ್ಸೆಂಟ್ ಇತ್ತು.