ಗುಲ್‌ಮೊಹರ್ ನಲ್ಲಿ ಕಂಪನಿಯ ಕರೆ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ನಮ್ಮ ಮೀಟಿಂಗುಗಳಿಗೆ ನಲ್ಲಿ ಕಂಪನಿಯ ಹೆಸರಿನಲ್ಲಿ ಕರೆ ಹೋಗುವುದಿಲ್ಲ.

ಗುರ್‌ಗಾಂವಿನ ಆಫೀಸಿನಲ್ಲಿ ಕೂತು, ಸರ್ವರ್ ನೋಡಿಕೊಳ್ಳುವ ದಕ್ಷಿಣಾಮೂರ್ತಿ ಇಷ್ಟು ಟೈಪ್ ಮಾಡಿ ಎಲ್ಲರಿಗೂ ಮೇಲ್ ಕಳಿಸಿದ. ಯಾರೂ ತಲೆ ಎತ್ತಲಿಲ್ಲ.

ನಲ್ಲಿ ಕಂಪನಿ ಅಂದರೆ ಗುಲ್‌ಮೊಹರ್ ಬಾತ್ ಫಿಟ್ಟಿಂಗ್ಸ್. ಮಾಲೀಕ ಖುರಾನಾ ಹಿಂದೆ ಫರೀದಾಬಾದಿನಲ್ಲಿ ನಡೆಸುತ್ತಿದ್ದ ಕಾರ್ಖಾನೆ. ಅದು ಬಾಗಿಲು ಹಾಕಿ ಎಷ್ಟೋ ಕಾಲವಾಗಿದ್ದರೂ ಮೇಲ್ ಸರ್ವರಿನಲ್ಲಿ ಅದರ ಹೆಸರೇ ಮೊದಲು, ಈಗಿನ ಸಾಫ್ಟ್‌ವೇರ್ ಕಂಪನಿಯದು ಆಮೇಲೆ. ಮಾಮೂಲಿ ಮೇಲ್ ಸರಿಯಾದ ವಿಳಾಸದಿಂದಲೇ ಹೋಗುತ್ತಿತ್ತು. ಕ್ಯಾಲೆಂಡರ್ ಆಹ್ವಾನ ಮಾತ್ರ ಸತ್ತ ಕಂಪನಿಯ ವಿಳಾಸ ಹೊತ್ತು ಹೊರಡುತ್ತಿತ್ತು. ನಿನ್ನೆ ಜಪಾನಿನ ಗಿರಾಕಿಯೊಬ್ಬ ವಿನಯದಿಂದ ಕೇಳಿದ್ದ: ತಾವು ನಲ್ಲಿಯನ್ನೂ ಮಾರುತ್ತೀರಾ?

ಬೆಳಿಗ್ಗೆ ಮೂರ್ತಿ ಎರಡು ಕೆಲಸ ಮಾಡಿದ. ಆಹ್ವಾನಗಳಿಗೆ ಹೊಸ ವಿಳಾಸ ಹಾಕಿದ. ಗುಲ್‌ಮೊಹರ್ ಹೆಸರಲ್ಲಿ ಏನೇ ಬಂದರೂ ಸರ್ವರಿನ ಗೇಟಲ್ಲೇ ತಡೆಯುವ ಹಾಗೆ ಮಾಡಿದ. ಆಮೇಲೆ ಮೊದಲ ಆಹ್ವಾನವನ್ನು ಹೆಂಡತಿಗೆ ಕಳಿಸಿದ.

ಅಮಿತಾ ಅದೇ ಕಂಪನಿಯ ಹೌಜ್ ಖಾಸ್ ಆಫೀಸಿನಲ್ಲಿದ್ದಳು. ಅವಳನ್ನು ಒಬ್ಬಳನ್ನೇ ಹೊಸ ಕೆಲಸಕ್ಕೆ ಪುಣೆಗೆ ಕರೆದಿದ್ದರು. ಅವತ್ತು ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಹೋಗಬೇಡ ಅನ್ನೋ ಮಾತು ಇಷ್ಟು ದಿನ ಅವನ ಬಾಯಿಂದ ಹೊರಟಿರಲಿಲ್ಲ. ಮನೆಯಲ್ಲಿ ಅವರು ಗೀಸರ್ ಆಫ್ ಮಾಡುವುದರ ಬಗ್ಗೆ ಮಾತಾಡುತ್ತಿದ್ದರು, ಅಷ್ಟೇ. ಆಹ್ವಾನದಲ್ಲಿ ಬರೆದ: ಮಧ್ಯಾಹ್ನದ ಊಟ, ಜಯಾನಂದರ ಹೋಟೆಲು. ವಿಷಯ: ನಾವು.

"ಒಬ್ರೇಯಾ ಮೂರ್ತಿಯವ್ರೇ?" ಗಲ್ಲಾದಲ್ಲಿ ಕೂತಿದ್ದ ಉಡುಪಿಯ ಜಯಾನಂದ ಕೇಳಿದರು.

"ಇಬ್ರು."

"ಹಾಗಾದ್ರೆ ಅಮ್ಮ ಬರ್ಲಿ. ಆಮೇಲೆ ಹಾಕ್ಸುವ."

ಹೋಟೆಲು ತುಂಬಿ ಖಾಲಿಯಾಯಿತು. ಎದುರು ಕುರ್ಚಿಯಲ್ಲಿ ಅವನ ಬ್ಯಾಗೇ ಕೂತಿತ್ತು. ಫೋನ್ ಮಾಡಿದ.

"ನನ್ನದೇನಾದ್ರೂ ಬಂತಾ?"

"ಏನ್ ಬರ್ಬೇಕಿತ್ತು?"

"ಕ್ಯಾಲೆಂಡರಲ್ಲಿ. ಆಹ್ವಾನ."

"ಇಲ್ವಲ್ಲ. ಯಾತಕ್ಕೆ?"

ಆಗ ಹೊಳೆಯಿತು. ತಡೆ ಕೂಡಲೇ ಜಾರಿಗೆ ಬರುತ್ತೆ. ಹೊಸ ವಿಳಾಸ ಜಾರಿಗೆ ಬರಬೇಕಾದರೆ ಸರ್ವರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಮೇಲ್ ಬರೆಯುತ್ತ ಕೂತಿದ್ದ ಖುರಾನಾಗೆ ತೊಂದರೆಯಾಗಬಾರದು ಅಂತ ಅದನ್ನವನು ಸಂಜೆಗೆ ಇಟ್ಟಿದ್ದ. ಹೆಂಡತಿಯನ್ನು ಊಟಕ್ಕೆ ಕರೆದದ್ದು ನಲ್ಲಿ ಕಂಪನಿ; ಗೇಟಲ್ಲಿ ತಡೆದದ್ದು ಗಂಡ.

"ರೀ, ಯಾತಕ್ಕೆ?"

ಫೋನು ಕೈಯಲ್ಲೇ ಇತ್ತು. ಆ ಕಡೆ ಅವಳು ಕಾಯುತ್ತಿದ್ದಳು. ಈಗ ಹೇಳೋದಕ್ಕೆ ಯಾವ ಸರ್ವರೂ ಬೇಕಿರಲಿಲ್ಲ.

"ಏನಿಲ್ಲ. ಹೋಗುತ್ತಾ ಅಂತ ಟೆಸ್ಟ್ ಮಾಡ್ದೆ."

"ಅಚ್ಛಾ. ಹಾಗಾದ್ರೆ ಪುಣೆಯವ್ರಿಗೆ ಹೂಂ ಅಂತ ಬರೀಲಾ?"

"ಬರಿ."

ಆಫೀಸಿಗೆ ವಾಪಸ್ ಬಂದ. ಖುರಾನಾ ಇನ್ನೂ ಮೇಲ್ ಬರೆಯುತ್ತಲೇ ಇದ್ದ. ಮೂರ್ತಿ ಕ್ಯಾಲೆಂಡರ್ ತೆಗೆದು ಊಟವನ್ನು ರದ್ದು ಮಾಡಿದ. ಅತಿಥಿಗೆ ತಿಳಿಸಬೇಕೇ ಅಂತ ಪರದೆ ಕೇಳಿತು. ಹೌದು ಅಂತ ಒತ್ತಿದ.

ರದ್ದಿನ ಸುದ್ದಿಯೂ ಗುಲ್‌ಮೊಹರ್ ಹೆಸರು ಹೊತ್ತು ಹೊರಟಿತು. ಹೋಗಿ, ಅದೇ ಗೇಟಿನಲ್ಲಿ, ಬೆಳಗಿನಿಂದ ಕಾಯುತ್ತಿದ್ದ ಆಹ್ವಾನದ ಪಕ್ಕ ನಿಂತಿತು.